ಶಾಲೆಯಲ್ಲಿ ಮಗುವಿನ ಹೆಸರು: ಕೂಗೋದೊಂದು, ಬರೆಯೋದೊಂದು, ಸಹಿ ಯಾರದು? – ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳ ಆಫೀಸಿನಲ್ಲಿ ಕೂತು ದಾಖಲಾತಿ ಪುಸ್ತಕ, ಟಿ.ಸಿ., ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್ (ಪರೀಕ್ಷೆಗೆ ಕೂರುವವರ ಹೆಸರುಪಟ್ಟಿ) ಬರೆದೂ ಬರೆದೂ ಬೆರಳಲ್ಲಿ ಗಂಟು ಬಂದವನು ನಾನು. ನಿವೃತ್ತಿಯಾಗಿ ಮೈಸೂರಿನ ಕುವೆಂಪುನಗರ ಸೇರಿದ ಮೇಲೂ ಈ ಕೆಲಸ ನನ್ನನ್ನು ಬಿಟ್ಟಿಲ್ಲ. ಮಗುವಿನ ಹೆಸರಿನದೊಂದು ತಕರಾರು ಹಿಡಿದುಕೊಂಡು ಯಾರಾದರೂ ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಕೇಳುವುದು ಹೆಚ್ಚುಕಡಿಮೆ ಇದೇ ಹದಿನೈದು ಹದಿನಾರು ಪ್ರಶ್ನೆ. ಮೊಮ್ಮಗಳು, ‘ತಾತ, ಒಂದ್ಸಲ ಬರೆದು ಹಾಕ್ಬಿಡಿ’ ಅಂದಳು.

ಮಗ ತನಗೆ ಇಷ್ಟವಾದ ಹೆಸರಿನಲ್ಲೇ ಕರೆಯಿರಿ ಅನ್ನುತ್ತಾನೆ. ಶಾಲೆಯಲ್ಲಿ ಹಾಗೆ ಕರೆಯಬಹುದೇ?

ಮೊದಲು ಎರಡು ಹೆಸರನ್ನು ಬೇರೆ ಮಾಡಿಕೊಳ್ಳಿ. ಹಾಜರಿ ಕೂಗುವಾಗ, ಬೋರ್ಡಿಗೆ ಕರೆಯುವಾಗ, ಖೋಖೋ ಮೈದಾನದಲ್ಲಿ ಕಿರುಚುವಾಗ ಬಾಯಿಗೆ ಬರುವುದು ಕರೆಯುವ ಹೆಸರು. ದಾಖಲಾತಿ ಪುಸ್ತಕ, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ), ಟಿ.ಸಿ., ಮಾರ್ಕ್ಸ್ ಕಾರ್ಡುಗಳಲ್ಲಿ ಇರುವುದು ಬರೆಯುವ ಹೆಸರು. ನಮ್ಮ ಕಡೆ ಈ ಎರಡೂ ಒಂದೇ ಆಗಿರುವ ಮಕ್ಕಳೇ ಅಪರೂಪ. ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು, ಅಜ್ಜಿ ಮನೆದೇವರ ಲೆಕ್ಕದಲ್ಲಿ ಕೂಗುವುದು ಇನ್ನೊಂದು, ಬೀದಿಯಲ್ಲಿ ಪುಟ್ಟನೋ ಗುಂಡನೋ ಆಗಿರುವುದು ಮತ್ತೊಂದು.

ಕರೆಯುವ ಹೆಸರನ್ನು ಬದಲಿಸಲು ಅರ್ಜಿ ನಮೂನೆ ಇದ್ದದ್ದನ್ನು ನನ್ನ ಸರ್ವೀಸಿನಲ್ಲಿ ನಾನು ನೋಡಿಲ್ಲ. ಮೇಷ್ಟ್ರು ಮನಸ್ಸು ಮಾಡಿದರೆ ಮುಗಿಯಿತು. ದಾಖಲೆಯಲ್ಲಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಆಗಿದ್ದವರು ನಾಡಿಗೆಲ್ಲ ಕುವೆಂಪು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗಲೂ ಅವರಿಗೆ ಎರಡು ಹೆಸರಿತ್ತು, ಯಾರಿಗೂ ತೊಂದರೆಯಾಗಲಿಲ್ಲ.

ಹಾಗಾದರೆ ಕರೆಯುವ ಹೆಸರಿಗೆ ಪೋಷಕರ ಅನುಮತಿ ಬೇಡವೇ?

ಮನೆಯಲ್ಲಿ ‘ಚಿನ್ನು’, ಶಾಲೆಯಲ್ಲಿ ‘ಚಿನ್ಮಯ’ ಅಂದಾಗ ಯಾರೂ ಅನುಮತಿ ಕೇಳುವುದಿಲ್ಲ. ಕೆಲವು ಖಾಸಗಿ ಶಾಲೆಗಳು ಡೈರಿಯಲ್ಲೋ ಪ್ರವೇಶದ ಫಾರಂನಲ್ಲೋ ‘ಮನೆಯಲ್ಲಿ ಕರೆಯುವ ಹೆಸರು’ ಎಂದು ಒಂದು ಕಾಲಂ ಇಟ್ಟಿರುತ್ತವೆ. ಎಲ್.ಕೆ.ಜಿ. ಮಗು ಅಳುವಾಗ ಸಮಾಧಾನ ಮಾಡಲು ಅದು ಬೇಕೂ ಬೇಕು. ಅನುಮತಿಯ ಮಾತು ಏಳುವುದು ಮಗು ಆರಿಸಿಕೊಂಡ ಹೆಸರು ಜಾತಿಯ, ಧರ್ಮದ ಅಥವಾ ಗಂಡು–ಹೆಣ್ಣಿನ ಗೆರೆ ದಾಟಿದಾಗ ಮಾತ್ರ. ಅದಕ್ಕೆ ಮುಂದೆ ಬರುತ್ತೇನೆ.

ದಾಖಲೆಯಲ್ಲೇ ಹೆಸರು ಬದಲಾಗಬೇಕು. ಹದಿನಾಲ್ಕು ವರ್ಷದ ಹುಡುಗಿ ತಾನೇ ಅರ್ಜಿ ಕೊಡಬಹುದೇ?

ಕೊಟ್ಟರೆ ಹೆಡ್‌ಮಾಸ್ಟರು ಓದುತ್ತಾರೆ, ಆದರೆ ಅದರ ಮೇಲೆ ಏನೂ ಮಾಡಲಾರರು. 1875ರ ವಯಸ್ಕತನದ ಕಾಯ್ದೆಯ ಲೆಕ್ಕದಲ್ಲಿ 18 ತುಂಬುವವರೆಗೆ ಮಗು ಅಪ್ರಾಪ್ತ. ಅಫಿಡವಿಟ್ಟಿಗೆ ಅವಳ ಸಹಿ ನಡೆಯುವುದಿಲ್ಲ, ಅಪ್ಪನದೋ ಅಮ್ಮನದೋ ಕಾನೂನು ಪ್ರಕಾರದ ಪೋಷಕರದೋ ಬೇಕು.

ಹಾಗೆಂದು ಮಗುವಿನ ಮಾತಿಗೆ ಬೆಲೆಯಿಲ್ಲ ಅಂದುಕೊಳ್ಳಬೇಡಿ. ಒಮ್ಮೆ ನಾಗಮಂಗಲ ಕಡೆಯ ಹುಡುಗಿಯೊಬ್ಬಳು ನನ್ನ ಟೇಬಲ್ಲಿನ ಮುಂದೆ ನಿಂತಿದ್ದಳು. ಪುಸ್ತಕದಲ್ಲಿ ‘ಸಾಕಮ್ಮ’. ನಾಲ್ಕನೇ ಹೆಣ್ಣು. ‘ಇನ್ನು ಹೆಣ್ಣು ಸಾಕು’ ಅಂತ ಇಟ್ಟ ಹೆಸರು, ಅದು ಅವಳಿಗೂ ಗೊತ್ತು, ಇಡೀ ತರಗತಿಗೂ ಗೊತ್ತು. ಹಾಜರಿಯಲ್ಲಿ ‘ಸಾಕಮ್ಮ’ ಅಂದ ಕೂಡಲೆ ಹಿಂದಿನ ಬೆಂಚಿನಿಂದ ‘ಸಾಕ್ ಸಾಕು’ ಅಂತ ಬರುತ್ತಿತ್ತು. ಅಪ್ಪನನ್ನು ಕರೆಸಿದೆವು. ಟವೆಲ್ಲು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು, ‘ಬುಡಿ ಸಾ, ಅವ್ವ ಇಟ್ಟಿದ್ದು, ಈಗ್ಯಾಕೆ’ ಅಂದರು. ಹುಡುಗಿ ಅಪ್ಪನ ಮುಖ ನೋಡಲಿಲ್ಲ, ನನ್ನ ಪುಸ್ತಕವನ್ನೇ ನೋಡುತ್ತಿದ್ದಳು. ಆ ನೋಟ ಕಂಡ ಮೇಲೆ ಆ ಮನುಷ್ಯ ಹೆಚ್ಚು ಮಾತಾಡಲಿಲ್ಲ. ‘ಎಲ್ಲಿ ಒತ್ತಬೇಕು?’ ಅಂತ ಹೆಬ್ಬೆಟ್ಟು ಮುಂದೆ ಮಾಡಿದರು. ಕಾಗದ ಎಲ್ಲ ಆಗಲು ಏಳು ತಿಂಗಳು ಹಿಡಿಯಿತು. ಕನ್ನಡ ಮೇಡಂ ಮಾತ್ರ ಮಾರನೇ ದಿನದಿಂದಲೇ ಹೊಸ ಹೆಸರಲ್ಲಿ ಹಾಜರಿ ಕೂಗಿದರು.

‘ತಿದ್ದುಪಡಿ’ ಮತ್ತು ‘ಹೆಸರು ಬದಲಾವಣೆ’ – ಎರಡೂ ಒಂದೇ ಅಲ್ಲವೇ?

ಆಫೀಸಿನಲ್ಲಿ ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಜನನ ಪ್ರಮಾಣಪತ್ರದಲ್ಲಿ ಒಂದಿದ್ದು ಶಾಲೆಯವರು ಬೇರೆ ಬರೆದಿದ್ದರೆ ಅದು ತಿದ್ದುಪಡಿ. ಎಲ್ಲ ಕಡೆಯೂ ಒಂದೇ ಹೆಸರಿದ್ದು ನಿಮಗೆ ಅದು ಬೇಡವಾಗಿದ್ದರೆ ಬದಲಾವಣೆ.

ಮಂಡ್ಯ ಸೀಮೆಯಲ್ಲಿ ತಿದ್ದುಪಡಿಗೆ ನಮ್ಮ ನಾಲಿಗೆಯೇ ಕಾರಣ. ‘ಹ’ ಅನ್ನುವುದು ‘ಅ’ ಆಗುತ್ತದೆ, ‘ಶ’ ಅನ್ನುವುದು ‘ಸ’ ಆಗುತ್ತದೆ. ಒಂದನೇ ಕ್ಲಾಸಿಗೆ ಸೇರಿಸಲು ಬಂದ ತಂದೆ ‘ಏಮಾವತಿ’ ಅಂದರು, ಹೊಸದಾಗಿ ಬಂದಿದ್ದ ಮೇಷ್ಟ್ರು ಕಿವಿಗೆ ಬಿದ್ದದ್ದನ್ನೇ ಬರೆದರು. ಹತ್ತು ವರ್ಷ ಆ ಹುಡುಗಿ ಏಮಾವತಿಯಾಗಿಯೇ ಓದಿದಳು. ಇಂಥದ್ದಕ್ಕೆ ಜನನ ಪ್ರಮಾಣಪತ್ರದ ಪ್ರತಿ, ಪೋಷಕರ ಅರ್ಜಿ, ಹೆಡ್‌ಮಾಸ್ಟರ ವರದಿ ಸಾಕು. ಶಾಲೆಯ ಮಟ್ಟದಲ್ಲಿ ಮುಗಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುತ್ತದೆ.

ಬದಲಾವಣೆಯ ದಾರಿ ಉದ್ದ. ಛಾಪಾ ಕಾಗದದ ಮೇಲೆ ಅಫಿಡವಿಟ್, ನೋಟರಿ, ಪತ್ರಿಕೆಯಲ್ಲಿ ಪ್ರಕಟಣೆ, ರಾಜ್ಯಪತ್ರ ಅಂದರೆ ಗೆಜೆಟ್, ಕೆಲವೊಮ್ಮೆ ಸಿವಿಲ್ ನ್ಯಾಯಾಲಯದ ಆದೇಶ. ದಾರಿ ಯಾಕಿಷ್ಟು ಉದ್ದ ಅಂತ ಸಿಟ್ಟು ಬಂದರೆ ಒಂದು ನೆನೆಯಿರಿ: ನಮ್ಮೂರು ಇಂಗ್ಲಿಷಿನಲ್ಲಿ ‘ಮೈಸೋರ್’ ಇದ್ದದ್ದು ‘ಮೈಸೂರು’ ಆಗಲು ಕೇಂದ್ರ ಗೃಹ ಇಲಾಖೆಯ ಒಪ್ಪಿಗೆ, ರಾಜ್ಯದ ಅಧಿಸೂಚನೆ ಎಲ್ಲ ಬೇಕಾಗಿ, 2014ರ ನವೆಂಬರ್ 1ಕ್ಕೆ ಜಾರಿಗೆ ಬಂತು. ವಿಶ್ವವಿದ್ಯಾನಿಲಯದ ಇಂಗ್ಲಿಷ್ ಹೆಸರು ಇನ್ನೂ ಹಳೆಯದೇ.

ಹತ್ತನೇ ಕ್ಲಾಸಿನೊಳಗೆ ಮಾಡಿಸಿ ಎಂದು ಎಲ್ಲರೂ ಹೆದರಿಸುತ್ತಾರೆ. ಯಾಕೆ?

ಹೆದರಿಸುತ್ತಿರುವುದು ಸರಿಯಾಗಿಯೇ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗುವಿನ ಹೆಸರು, ತಂದೆ ತಾಯಿ ಹೆಸರು, ಜನ್ಮದಿನಾಂಕ ನಾಲ್ಕೂ ಅಚ್ಚಾಗುತ್ತವೆ. ಪಿಯುಸಿ, ಸಿಇಟಿ, ಡಿಗ್ರಿ, ಪಾಸ್‌ಪೋರ್ಟ್, ನೌಕರಿ ಎಲ್ಲವೂ ಆ ಒಂದು ಹಾಳೆಯನ್ನು ನೋಡಿಯೇ ಮುಂದಿನ ಹೆಸರು ಬರೆದುಕೊಳ್ಳುತ್ತವೆ. ಅಚ್ಚಾಗುವ ಮೊದಲು ನಾಮಿನಲ್ ರೋಲಿನ ಕರಡನ್ನು ಶಾಲೆ ಮಕ್ಕಳಿಗೆ ತೋರಿಸಿ ಸಹಿ ಹಾಕಿಸಿಕೊಳ್ಳುತ್ತದೆ. ಆ ಹಾಳೆಯನ್ನು ಮನೆಗೆ ತರಿಸಿಕೊಂಡು, ಅಥವಾ ನೀವೇ ಶಾಲೆಗೆ ಹೋಗಿ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಮಕ್ಕಳು ಓದುವುದಿಲ್ಲ. ಊಟದ ಗಂಟೆ ಹೊಡೆದಿರುತ್ತದೆ, ಸಹಿ ಗೀಚಿ ಓಡುತ್ತಾರೆ.

ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಗೆ ಶಾಲೆಯ ಮೂಲಕವೇ ಪ್ರಸ್ತಾವನೆ ಹೋಗಬೇಕು. ದಾಖಲಾತಿ ಪುಸ್ತಕದಲ್ಲಿ ಸರಿಯಿದ್ದು ಅಂಕಪಟ್ಟಿಯಲ್ಲಿ ತಪ್ಪಿದ್ದರೆ ಕೆಲಸ ಸಲೀಸು. ಎರಡರಲ್ಲೂ ಒಂದೇ ಇದ್ದು ನಿಮಗೆ ಬೇರೆ ಬೇಕಾದರೆ ವಕೀಲರನ್ನು ನೋಡಿ.

ನನ್ನದೇ ಕಥೆ ಕೇಳಿ. ನನ್ನ ಅಂಕಪಟ್ಟಿಯಲ್ಲಿ ಊರಿನ ಇನಿಷಿಯಲ್ ಇದೆ, ಸೇವಾ ಪುಸ್ತಕದಲ್ಲಿ ಇಲ್ಲ. ಜೀವನವಿಡೀ ಬೇರೆಯವರ ಮಕ್ಕಳ ಹೆಸರು ತಿದ್ದಿದವನು ನಾನು, ನನ್ನ ಪಿಂಚಣಿ ಕಾಗದ ಮಾತ್ರ ಒಂದು ಕಚೇರಿಯಲ್ಲಿ ಆ ಒಂದಕ್ಷರಕ್ಕಾಗಿ ಐದು ತಿಂಗಳು ಕೂತಿತ್ತು.

ಕೇಂದ್ರೀಯ ಪಠ್ಯಕ್ರಮದ ಶಾಲೆಯಲ್ಲಿ ಓದುವವರಿಗೂ ಇದೇ ನಿಯಮವೇ?

ಸಿಬಿಎಸ್‌ಇಗೆ ತನ್ನದೇ ನಿಯಮಗಳಿವೆ, ಹಿಂದೆ ಬಹಳ ಬಿಗಿಯಾಗಿದ್ದವು. 2021ರ ಜೂನ್ 3ರಂದು ಜಿಗ್ಯಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಸರು ವ್ಯಕ್ತಿಯ ಗುರುತಿನ ಭಾಗ, ಅದರ ಮೇಲಿನ ಹಿಡಿತ ಸಂವಿಧಾನದ 19(1)(ಎ) ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ಹೇಳಿತು. ಅಲ್ಲೂ ಇದೇ ಎರಡು ದಾರಿ. ಈಗಾಗಲೇ ಇರುವ ಸರ್ಕಾರಿ ದಾಖಲೆಗೆ ತಕ್ಕಂತೆ ತಿದ್ದುವುದು ಒಂದು, ಹೊಸದಾಗಿ ಆರಿಸಿಕೊಂಡ ಹೆಸರು ಇನ್ನೊಂದು. ಎರಡನೆಯದಕ್ಕೆ ನ್ಯಾಯಾಲಯದ ಅನುಮತಿ ಮತ್ತು ಗೆಜೆಟ್ ಪ್ರಕಟಣೆ ಬೇಕು.

ಇನಿಷಿಯಲ್ ಬಿಡಿಸಿ ಬರೆಯಬೇಕಂತೆ. ಮಗ ಇನಿಷಿಯಲ್ಲೇ ಬೇಡ ಅನ್ನುತ್ತಾನೆ.

ಹಳೇ ಮೈಸೂರಿನವರ ಪಾಡು ಇದು. ಊರಿನದೊಂದಕ್ಷರ, ಅಪ್ಪನದೊಂದಕ್ಷರ, ಆಮೇಲೆ ಹೆಸರು. ಕುವೆಂಪು ಅವರಲ್ಲೂ ‘ಕು’ ಅಂದರೆ ಊರು, ‘ವೆಂ’ ಅಂದರೆ ತಂದೆ. ಆನ್‌ಲೈನ್ ಫಾರಂಗಳು ಮೊದಲ ಹೆಸರು, ಕೊನೆಯ ಹೆಸರು ಅಂತ ಕೇಳುತ್ತವೆ. ನಮಗೆ ಕೊನೆಯ ಹೆಸರು ಅನ್ನುವುದೇ ಇಲ್ಲ, ಇರುವುದೆಲ್ಲ ಮುಂದಿನದು. ಹೀಗಾಗಿ ಮಂಡ್ಯದ ಹುಡುಗ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು, ವಿದೇಶದ ಆಫೀಸಿನಲ್ಲಿ ಎಲ್ಲರಿಂದ ಅಪ್ಪನ ಹೆಸರಲ್ಲೇ ಕರೆಸಿಕೊಳ್ಳುತ್ತಾನೆ. ಮಗ ಬೇಡ ಅಂದರೆ ಒಪ್ಪಿಕೊಳ್ಳಿ. ಆದರೆ ಎಲ್ಲ ಕಡೆಯೂ ಒಂದೇ ರೀತಿ ಇರಲಿ. ಒಂದು ಕಡೆ ಚುಕ್ಕಿ, ಒಂದು ಕಡೆ ಖಾಲಿ ಜಾಗ, ಒಂದು ಕಡೆ ಅಂಟಿಕೊಂಡಿದ್ದರೆ ಕಂಪ್ಯೂಟರಿಗೆ ಅವು ಮೂರು ಜನ.

ಮಗ ಹೆಸರಿನ ಮುಂದೆ ‘ಗೌಡ’ ಸೇರಿಸಿ ಅನ್ನುತ್ತಾನೆ. ಮಗಳು ಜಾತಿ ಹೆಸರು ತೆಗೆಯಿರಿ ಅನ್ನುತ್ತಾಳೆ. ಎರಡೂ ಒಂದೇ ಮನೆಯಲ್ಲಿ!

ನಿಮ್ಮದೊಂದೇ ಮನೆಯಲ್ಲ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಹುಡುಗರಿಗೆ ಬೈಕಿನ ನಂಬರ್ ಪ್ಲೇಟಿನ ಮೇಲೆ ಬರೆದದ್ದು ತಮ್ಮ ಹೆಸರಿನಲ್ಲೂ ಬೇಕು ಅನ್ನಿಸುತ್ತದೆ. ನಿಯಮ ಎರಡಕ್ಕೂ ಒಂದೇ: ಪೋಷಕರ ಅರ್ಜಿ, ಅಫಿಡವಿಟ್. ನನ್ನನ್ನು ಕೇಳಿದರೆ ತೆಗೆಯಿರಿ ಅನ್ನುವ ಮಗಳ ಅರ್ಜಿಯನ್ನು ಈ ವರ್ಷವೇ ಕೊಡಿ, ಸೇರಿಸಿ ಅನ್ನುವ ಮಗನದು ಎರಡು ವರ್ಷ ಕಾಯಲಿ. ಒಂದು ಎಚ್ಚರಿಕೆ: ಹೆಸರಿನಿಂದ ಜಾತಿ ತೆಗೆದರೂ ಜಾತಿ ಪ್ರಮಾಣಪತ್ರ ಹಾಗೇ ಇರುತ್ತದೆ, ಮೀಸಲಾತಿಗೆ ತೊಂದರೆ ಇಲ್ಲ. ಆದರೆ ಆ ಪ್ರಮಾಣಪತ್ರದಲ್ಲೂ ಹೊಸ ಹೆಸರೇ ಬರುವಂತೆ ನಾಡಕಚೇರಿಯಲ್ಲಿ ಹೊಸದಾಗಿ ಮಾಡಿಸಿಕೊಳ್ಳಿ.

ಯಜಮಾನರು ಸಹಿ ಹಾಕಲ್ಲ ಅಂತಾರೆ. ನಾನೊಬ್ಬಳೇ ಹಾಕಿದರೆ ಆಗುತ್ತದೆಯೇ?

ತಾಯಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ‘ತಂದೆ, ಅವನ ನಂತರ ತಾಯಿ’ ಅನ್ನುತ್ತದೆ. ‘ನಂತರ’ ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರ ಓದಬೇಕಿಲ್ಲ, ಅವನು ಇದ್ದೂ ಇಲ್ಲದಂತಿದ್ದರೂ ತಾಯಿಯೇ ಸಹಜ ಪೋಷಕಿ ಎಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಂಡ ತೀರಿಕೊಂಡು ಮರುಮದುವೆಯಾದ ತಾಯಿಗೆ ಮಗುವಿನ ಉಪನಾಮ ಯಾವುದಿರಬೇಕೆಂದು ನಿರ್ಧರಿಸುವ ಹಕ್ಕಿದೆ ಎಂದು 2022ರ ಜುಲೈನಲ್ಲಿ ಅಕೆಲ್ಲ ಲಲಿತಾ ಪ್ರಕರಣದಲ್ಲಿ ಹೇಳಿತು. ಮದುವೆಯಾಗದ ತಾಯಿ ತಂದೆಯ ಹೆಸರು ಬಹಿರಂಗ ಮಾಡದೆಯೇ ಪೋಷಕಿಯಾಗಬಹುದೆಂದು 2015ರಲ್ಲಿಯೇ ತೀರ್ಪಿದೆ.

ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದು ಒಬ್ಬರು ಹೂಂ, ಒಬ್ಬರು ಉಹೂಂ ಅಂದರೆ ಮಾತ್ರ ಶಾಲೆ ಹಿಂದೆ ಸರಿಯುತ್ತದೆ. ಅಲ್ಲಿ ಗುಮಾಸ್ತನನ್ನು ಬೈದು ಪ್ರಯೋಜನವಿಲ್ಲ. ನಾಳೆ ಬೆಳಿಗ್ಗೆ ಇನ್ನೊಬ್ಬರು ಬಂದು ಅದೇ ಟೇಬಲ್ ಕುಟ್ಟುತ್ತಾರೆ ಅನ್ನುವುದು ಅವನಿಗೆ ಗೊತ್ತು. ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಆ ಕೋರ್ಟಿನಲ್ಲೇ ಹೆಸರಿನ ವಿಚಾರವನ್ನೂ ಕೇಳಿಕೊಳ್ಳಿ.

ಸಂಖ್ಯಾಶಾಸ್ತ್ರದವರು ಒಂದು ‘ಎ’ ಜಾಸ್ತಿ ಹಾಕಿಸಿ ಅಂದಿದ್ದಾರೆ.

ಹಾಕಿಸಿ. ಆಮೇಲೆ ಆಧಾರ್, ಬ್ಯಾಂಕ್, ಜನನ ಪತ್ರ, ಸ್ಯಾಟ್ಸ್ ನಾಲ್ಕರಲ್ಲೂ ಹಾಕಿಸಿ. ಆಧಾರಿನಲ್ಲಿ ಹೆಸರು ತಿದ್ದಲು ಇಡೀ ಜೀವಮಾನಕ್ಕೆ ಎರಡೇ ಅವಕಾಶ. ಅದರಲ್ಲೊಂದನ್ನು ಈ ‘ಎ’ಗೆ ಖರ್ಚು ಮಾಡುತ್ತೀರಾ ಯೋಚಿಸಿ.

ಅಪಾರ್ ಐ.ಡಿ.ಗೆ ಒಪ್ಪಿಗೆ ಪತ್ರ ಕಳಿಸಿದ್ದಾರೆ. ಹೆಸರಿಗೂ ಇದಕ್ಕೂ ಏನು ಸಂಬಂಧ?

ಅಪಾರ್ ಅಂದರೆ ವಿದ್ಯಾರ್ಥಿಗೆ ಕೊಡುವ 12 ಅಂಕಿಯ ಶಾಶ್ವತ ಸಂಖ್ಯೆ. ಅಪ್ರಾಪ್ತರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಒಪ್ಪದೆಯೂ ಇರಬಹುದು, ಇದು ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಶಾಲೆಯ ದಾಖಲೆಯ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಸಂಖ್ಯೆ ಹುಟ್ಟುವುದಿಲ್ಲ. ಸೈಬರ್ ಸೆಂಟರುಗಳಲ್ಲಿ ಪೋಷಕರು ಸಾಲು ನಿಂತದ್ದು ಇದಕ್ಕೇ. ಅವಸರದಲ್ಲಿ ಆಧಾರಿನ ತಪ್ಪು ಹೆಸರಿಗೆ ತಕ್ಕಂತೆ ಶಾಲೆಯ ಸರಿ ಹೆಸರನ್ನು ಕೆಡಿಸಿದವರೂ ಇದ್ದಾರೆ. ಹಾಗೆ ಮಾಡಬೇಡಿ, ಜನನ ಪ್ರಮಾಣಪತ್ರವನ್ನೇ ಮೂಲವಾಗಿ ಇಟ್ಟುಕೊಳ್ಳಿ. ಆಧಾರ್ ಇಲ್ಲವೆಂದು ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದೂ ನೆನಪಿರಲಿ. ಆ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಗಂಡು ಅಂತ ದಾಖಲಾದ ಮಗು ಹೆಣ್ಣು ಹೆಸರಲ್ಲಿ ಕರೆಯಿರಿ ಅನ್ನುತ್ತಿದೆ. ಕಾನೂನು ಏನು ಹೇಳುತ್ತದೆ?

ಈ ಪ್ರಶ್ನೆ ಕೇಳುವವರು ಮೊದಲು ಹದಿನೈದು ನಿಮಿಷ ಬೇರೇನನ್ನೋ ಮಾತಾಡುತ್ತಾರೆ. ಸಂಕೋಚ ಬೇಡ.

ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಒಪ್ಪಿತು. ಅದಾದ ಮೇಲೆ ಅವರ ಹಕ್ಕುಗಳಿಗಾಗಿ 2019ರ ಕಾಯ್ದೆ, 2020ರ ನಿಯಮಗಳು ಬಂದವು. ದಾಖಲೆಯ ಹೆಸರಿಗೆ ಸಂಬಂಧಿಸಿ ಆ ಕಾಯ್ದೆ ಹಾಕಿದ ದಾರಿ ಹೀಗೆ: ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ, ಅದರ ಆಧಾರದ ಮೇಲೆ ಜನನ ಪತ್ರದಲ್ಲೂ ಉಳಿದ ದಾಖಲೆಗಳಲ್ಲೂ ಹೆಸರಿನ ಬದಲಾವಣೆ. ಅಪ್ರಾಪ್ತ ಮಗುವಾದರೆ ಅರ್ಜಿಯನ್ನು ತಂದೆ, ತಾಯಿ ಅಥವಾ ಪೋಷಕರೇ ಹಾಕಬೇಕು ಎಂದು 5ನೇ ಸೆಕ್ಷನ್ ಹೇಳಿತು. ಮಾನ್ಯತೆ ಪಡೆದ ಶಾಲೆಗಳು ತಾರತಮ್ಯ ಮಾಡದೆ ಕಲಿಸಬೇಕು ಎನ್ನುವುದು 13ನೇ ಸೆಕ್ಷನ್. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಇಂಥವರಿಗೆ ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ನಮೂದಿಸಿದ ಪರಿಷ್ಕೃತ ಜನನ ಪ್ರಮಾಣಪತ್ರ ಕೊಡಿ ಎಂದಿತು.

ತರಗತಿಯಲ್ಲಿ ಮೇಷ್ಟ್ರು ಏನೆಂದು ಕೂಗಬೇಕು ಎಂಬ ಬಗ್ಗೆ 2019ರ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ಈ ಮಕ್ಕಳ ಬಗ್ಗೆ ಶಿಕ್ಷಕರಿಗೊಂದು ಕೈಪಿಡಿ ಹೊರತಂದಿತ್ತು. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಮಾಯವಾಯಿತು. ಹೀಗಾಗಿ ಉಳಿದದ್ದು ಆ ಶಾಲೆಯ ಹೆಡ್‌ಮಾಸ್ಟರ ವಿವೇಚನೆ.

ಬಾಯಿಮಾತಿನ ಹೆಸರನ್ನು ಕೊಡಲು ಜಿಲ್ಲಾಧಿಕಾರಿ ಬೇಕಿಲ್ಲ. ಕೊಡಿ. ಕನ್ನಡಕ್ಕೆ ಇದರಲ್ಲಿ ಒಂದು ಕಷ್ಟ, ಒಂದು ಸುಖ ಎರಡೂ ಇವೆ. ಕಷ್ಟ ಏನೆಂದರೆ ನಮ್ಮ ಮಂಡ್ಯ ಮಾತಿನಲ್ಲಿ ಕರೆಯುವಾಗಲೇ ಗಂಡು ಹೆಣ್ಣು ಒಡೆದುಹೋಗುತ್ತದೆ. ‘ಬಾರ್ಲಾ’ ಅಂದರೆ ಹುಡುಗ, ‘ಬಾರಮ್ಮಿ’ ಅಂದರೆ ಹುಡುಗಿ. ಹೆಸರೊಂದನ್ನು ಬದಲಿಸಿ ‘ಲಾ’ ಉಳಿಸಿಕೊಂಡರೆ ಮಗುವಿನ ಮುಖ ಮತ್ತೆ ಬಾಡುತ್ತದೆ. ಸುಖ ಏನೆಂದರೆ ‘ಅವರು ಬಂದರು’ ಅನ್ನುವುದರಲ್ಲಿ ಲಿಂಗವಿಲ್ಲ. ‘ಕಂದ’, ‘ಮರಿ’, ‘ಕೂಸೇ’ ಇವುಗಳಲ್ಲೂ ಇಲ್ಲ. ಮೈಸೂರಿನ ಹುಡುಗಿಯರಂತೂ ಒಬ್ಬರನ್ನೊಬ್ಬರು ‘ಮಗಾ’ ಅಂತಲೇ ಕರೆಯುತ್ತಾರೆ.

ಮನೆಯಲ್ಲಿ ಗೊತ್ತಿಲ್ಲದೆ ಶಾಲೆಯಲ್ಲಿ ಬೇರೆ ಹೆಸರು ನಡೆಯುತ್ತಿದ್ದರೆ ಶಿಕ್ಷಕರು ಪೋಷಕರಿಗೆ ತಿಳಿಸಲೇಬೇಕೇ?

ನನಗೆ ಎಲ್ಲಕ್ಕಿಂತ ಕಷ್ಟದ್ದು ಇದೇ.

ಪೋಷಕರ ಕಡೆಯಿಂದ ನೋಡಿದರೆ ಅವರ ಸಂಕಟ ಸುಳ್ಳಲ್ಲ. ‘ನಾನು ಹೆತ್ತ ಮಗುವಿನ ಹೆಸರು ಬೀದಿಗೆಲ್ಲ ಗೊತ್ತು, ನನಗೆ ಗೊತ್ತಿಲ್ಲ’ ಎಂದು ತಾಯಿಯೊಬ್ಬರು ಅಳುತ್ತಾ ಹೇಳಿದ್ದನ್ನು ಕೇಳಿದ್ದೇನೆ. ಶಾಲೆ ಗುಟ್ಟು ಮಾಡಿತು ಅನ್ನುವ ಸಿಟ್ಟಿನಲ್ಲಿ ಟಿ.ಸಿ. ಕೇಳಿದವರೂ ಇದ್ದಾರೆ. ಮಗುವಿನ ಕಡೆಯಿಂದ ನೋಡಿ. ಅದು ಹದಿಮೂರು ವರ್ಷ ಕಾದು, ಇರುವವರಲ್ಲಿ ಕಡಿಮೆ ಭಯ ಹುಟ್ಟಿಸುವ ಒಬ್ಬ ಶಿಕ್ಷಕಿಯನ್ನು ಆರಿಸಿಕೊಂಡು ಬಾಯಿ ಬಿಟ್ಟಿರುತ್ತದೆ. ಅದೇ ಸಂಜೆ ಶಾಲೆಯಿಂದ ಮನೆಗೆ ಫೋನ್ ಹೋದರೆ ಆ ಬಾಯಿ ಮತ್ತೆ ತೆರೆಯುವುದಿಲ್ಲ. ಕೆಲವು ಮನೆಗಳಲ್ಲಿ ಆ ರಾತ್ರಿ ಬೆಲ್ಟೂ ಹೊರಬರುತ್ತದೆ.

ನಾನು ಕಂಡ ಒಳ್ಳೆಯ ಶಿಕ್ಷಕಿಯೊಬ್ಬರು ಮೂರು ಪ್ರಶ್ನೆ ಕೇಳುತ್ತಿದ್ದರು. ಮನೆಯಲ್ಲಿ ಯಾರಿಗೆ ಗೊತ್ತು? ನಾನು ಫೋನ್ ಮಾಡಿದರೆ ಯಾವ ಹೆಸರು ಹೇಳಲಿ? ಯಾವತ್ತಾದರೂ ಹೇಳಬೇಕು ಅನ್ನಿಸಿದರೆ ನಾನು ಪಕ್ಕದಲ್ಲಿ ಕೂರಲೇ? ಹಾಜರಿಯಲ್ಲಿ ಆ ಮಗುವಿನ ಕ್ರಮಸಂಖ್ಯೆ ಕೂಗುತ್ತಿದ್ದರು. ಒಬ್ಬರಿಗೇ ಹಾಗೆ ಮಾಡಿದರೆ ಎದ್ದು ಕಾಣುತ್ತದೆ ಅಂತ ಇಡೀ ತರಗತಿಗೆ ಸಂಖ್ಯೆಯಲ್ಲೇ ಹಾಜರಿ. ‘ಹದಿನೇಳು?’ ‘ಪ್ರೆಸೆಂಟ್ ಮಿಸ್.’ ಬೇರೆ ಮೇಷ್ಟ್ರುಗಳು ಮೇಡಮ್ಮಿಗೆ ಹೆಸರು ನೆನಪಿರಲ್ಲ ಅಂತ ನಕ್ಕರು, ಅವರು ನಗಲು ಬಿಟ್ಟರು.

ತಾವೇ ಹೋಗಿ ಹೇಳುವುದನ್ನು ಅವರು ಮಾಡಲಿಲ್ಲ. ಪೋಷಕರು ನೇರವಾಗಿ ಕೇಳಿದ್ದರೆ ಸುಳ್ಳನ್ನೂ ಹೇಳುತ್ತಿರಲಿಲ್ಲ, ಮಗುವನ್ನು ಕೂರಿಸಿಕೊಂಡು ಮಾತಾಡಿ ಎನ್ನುತ್ತಿದ್ದರು. ನನ್ನ ಅಭಿಪ್ರಾಯವೂ ಅದೇ. ಮಗು ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸೂಚನೆ ಕಂಡರೆ ಮಾತ್ರ ಲೆಕ್ಕ ಬೇರೆ, ಆಗ ಗುಟ್ಟು ಇಟ್ಟುಕೊಳ್ಳುವ ಹಾಗಿಲ್ಲ. ಮನೆಯಲ್ಲೇ ಹೊಡೆತವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ಮಗುವೇ ಕರೆ ಮಾಡಬಹುದು.

ಕೆಲವು ಶಾಲೆಗಳು ‘ಕರೆಯುವ ಹೆಸರಿಗೂ ಪೋಷಕರ ಲಿಖಿತ ಅನುಮತಿ ಕಡ್ಡಾಯ’ ಎಂದು ತಾವೇ ಒಂದು ನಿಯಮ ಟೈಪು ಮಾಡಿಸಿ ಗೋಡೆಗೆ ಅಂಟಿಸುತ್ತವೆ. ಹಾಗಾದರೆ ಚಿನ್ನು, ಗುಂಡ, ಪುಟ್ಟಿ ಎಲ್ಲರಿಗೂ ಕಾಗದ ತರಿಸಬೇಕಲ್ಲ? ತರಿಸುವುದಿಲ್ಲ. ಒಂದಿಬ್ಬರು ಮಕ್ಕಳಿಗಷ್ಟೇ ಬಳಸುವ ನಿಯಮ ಅದು. ನಿಮ್ಮ ಶಾಲೆಯಲ್ಲಿ ಇದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೋ ಪೋಷಕರ ಸಭೆಯಲ್ಲೋ, ಇದು ಯಾವ ಸುತ್ತೋಲೆಯ ಪ್ರಕಾರ ಎಂದು ಕೇಳಿ.

ವಿದೇಶದಲ್ಲಿರುವ ತಂಗಿ ಅಲ್ಲಿ ಇದಕ್ಕೇ ಕಾನೂನು ಇದೆ ಅಂತಾಳೆ. ನಿಜವೇ?

ನಿಜ, ಆದರೆ ಒಂದೊಂದು ಕಡೆ ಒಂದೊಂದು ಥರ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ 2023ರ ಅಕ್ಟೋಬರ್‌ನಲ್ಲಿ ಮಾಡಿದ ಕಾನೂನಿನ ಪ್ರಕಾರ, 16 ವರ್ಷದೊಳಗಿನ ವಿದ್ಯಾರ್ಥಿ ಲಿಂಗ ಗುರುತಿಗೆ ಸಂಬಂಧಿಸಿದ ಹೊಸ ಹೆಸರನ್ನು ಶಾಲೆಯಲ್ಲಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ 2024ರ ಜುಲೈನಲ್ಲಿ ಅದಕ್ಕೆ ವಿರುದ್ಧವಾದ ಕಾನೂನು ತಂದಿತು: ಮಗುವಿನ ಒಪ್ಪಿಗೆ ಇಲ್ಲದೆ ಪೋಷಕರಿಗೆ ತಿಳಿಸಲೇಬೇಕು ಎಂದು ಶಾಲಾ ಆಡಳಿತ ಶಿಕ್ಷಕರನ್ನು ಒತ್ತಾಯಿಸುವಂತಿಲ್ಲ. ಎರಡರ ಮೇಲೂ ಕೋರ್ಟಿನಲ್ಲಿ ವ್ಯಾಜ್ಯ ನಡೆದಿದೆ. ಅಲ್ಲಿಯ ಯಾವುದೂ ಇಲ್ಲಿಗೆ ಅನ್ವಯಿಸುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನು ಹಿಡಿದು ನಮ್ಮ ಹೆಡ್‌ಮಾಸ್ಟರ ಮೇಲೆ ಎಗರಬೇಡಿ.

ತರಗತಿಯವರು ಅಡ್ಡಹೆಸರಿಟ್ಟು ಕಾಡುತ್ತಾರೆ. ಇದೂ ಶಾಲೆಯ ಜವಾಬ್ದಾರಿಯೇ?

ಖಂಡಿತ. ‘ಮಾನಸಿಕ ಕಿರುಕುಳ’ ಕೂಡದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ, ಅಡ್ಡಹೆಸರನ್ನು ಮೇಷ್ಟ್ರೇ ಇಟ್ಟಿದ್ದರೆ ಅದನ್ನೇ ತೋರಿಸಿ. ಎಷ್ಟೋ ಸಲ ಮೊದಲು ಇಡುವವರು ಅವರೇ. ‘ಕರಿಯ’, ‘ಡುಮ್ಮ’, ‘ಮೊದ್ದು’ ಇವೆಲ್ಲ ಕಪ್ಪುಹಲಗೆಯ ಮುಂದೆ ಹುಟ್ಟಿ ಹಿಂದಿನ ಬೆಂಚಿಗೆ ಹೋಗುತ್ತವೆ.

18 ತುಂಬಿದ ಮೇಲೆ?

ಆಗ ಅಪ್ಪ ಅಮ್ಮನ ಸಹಿ ಬೇಡ. ಅಫಿಡವಿಟ್ಟಿಗೆ ಅವರದೇ ಸಹಿ, ಲಿಂಗತ್ವದ ಗುರುತಿನ ಪ್ರಮಾಣಪತ್ರ ಬೇಕಾದವರಾದರೆ ಜಿಲ್ಲಾಧಿಕಾರಿಗೂ ಅವರದೇ ಅರ್ಜಿ. ಆದರೆ ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಹಳೆಯ ಹೆಸರಲ್ಲಿ ಅಚ್ಚಾಗಿರುತ್ತವೆ. ಇಂಥ ಒಬ್ಬರು ಕಾಲೇಜು ಪ್ರವೇಶದ ದಿನ ಎರಡು ಹೆಸರಿನ ಕಾಗದಗಳನ್ನು ಹಿಡಿದು ನಿಂತಿದ್ದಾಗ ಜೊತೆಗೆ ನಾನೂ ಇದ್ದೆ. ಕೌಂಟರಿನ ಹುಡುಗ ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, ‘ಇದ್ರಲ್ಲಿ ನೀವ್ಯಾರು?’ ಅಂದ. ಗೆಜೆಟ್ಟಿನ ಪ್ರತಿ ತೋರಿಸಿದ ಮೇಲೆ ಸೀಲು ಬಿತ್ತು. ಗೆಜೆಟ್ಟಿನ ನಾಲ್ಕೈದು ಪ್ರತಿ ಯಾವಾಗಲೂ ಫೈಲಿನಲ್ಲಿರಲಿ.

ಮಗಳು ನೋಟ್‌ಬುಕ್ಕಿನ ಲೇಬಲ್ಲಿನ ಮೇಲೆಲ್ಲ ಬೇರೆ ಹೆಸರು ಬರೆದುಕೊಂಡಿದ್ದಾಳೆ. ಕಿತ್ತು ಹಾಕಲೇ?

ಯಾಕೆ ಕೀಳುತ್ತೀರಿ? ಆ ಹೆಸರು ಯಾಕೆ ಹಿಡಿಸಿತು ಅಂತ ದೋಸೆ ಹಾಕುವಾಗ ಸುಮ್ಮನೆ ಕೇಳಿ ನೋಡಿ. ಧಾರಾವಾಹಿಯದಾಗಿದ್ದರೆ ಅರ್ಧ ವರ್ಷಕ್ಕೆ ಇನ್ನೊಂದು ಬರುತ್ತದೆ. ಅಲ್ಲದಿದ್ದರೆ ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನನ್ನ ಹತ್ತಿರ ಕರೆದುಕೊಂಡು ಬನ್ನಿ, ಜನನ ಪ್ರಮಾಣಪತ್ರದ ಮೂಲಪ್ರತಿ ಮರೆಯದೆ ತನ್ನಿ.